ಕುದುರೆಯ ಹೊಟ್ಟೆಯ ಬಣ್ಣ

ಗೊಂಬೆ ಕುದುರೆಗಳಿಗೆ ನಿಜದ ಕುದುರೆಯ ಮೈಬಣ್ಣ ಬಳಿಯುವುದು ನನ್ನ ಹವ್ಯಾಸ. ಈ ವಯಸ್ಸಿನಲ್ಲಿ ಇದೆಂಥ ಹುಚ್ಚು ಎಂದು ನೀವು ಕೇಳುವ ಮೊದಲೇ ಯಸಳೂರಿನವರೆಲ್ಲ ಕೇಳಿಯಾಗಿದೆ. ಬಿಳಿ ಕುದುರೆಗೆ ಬಿಳಿ ಬಳಿದರಾಯಿತು ಎನ್ನುವವರು ಕುದುರೆಯನ್ನು ಮದುವೆ ಮೆರವಣಿಗೆಯಲ್ಲಷ್ಟೇ ನೋಡಿರುತ್ತಾರೆ. ಎಷ್ಟೋ ಬಿಳಿ ಕುದುರೆಗಳು ಹುಟ್ಟುವಾಗ ಕಪ್ಪಗೋ ಕಂದಾಗಿಯೋ ಇದ್ದು, ವಯಸ್ಸಾದಂತೆ ನರೆಯುತ್ತವೆ. ಡೈ ಹಚ್ಚುವ ಅಭ್ಯಾಸವಿಲ್ಲದ ಕಾರಣ ವಿಷಯ ಊರಿಗೆಲ್ಲ ತಿಳಿಯುತ್ತದೆ.

ಮಚ್ಚೆ ಕುದುರೆಯದು ಇನ್ನೂ ಕಷ್ಟ. ಬಿಳಿ ಕೂದಲ ಕೆಳಗೆ ಚರ್ಮ ಗುಲಾಬಿ, ಕಂದು ಕೂದಲ ಕೆಳಗೆ ಕಪ್ಪು. ಎರಡೂ ಕೂಡುವ ಅಂಚಿನಲ್ಲಿ ಬಿಳಿಯ ಅಡಿಯಿಂದ ಕಪ್ಪು ಇಣುಕಿ ತೆಳುನೀಲಿಯಾಗಿ ಕಾಣುತ್ತದೆ. ನೋಡಿ ಬಳಿಯೋಣವೆಂದರೆ ಫೋನಿನಲ್ಲಿ ಎಡ, ಬಲ, ಮುಖ, ಬಾಲ ಎಲ್ಲದರ ಚಿತ್ರವೂ ಸಿಗುತ್ತದೆ, ಹೊಟ್ಟೆಯ ಅಡಿಯದು ಸಿಗುವುದಿಲ್ಲ. ಅಲ್ಲಿ ಕ್ಯಾಮೆರಾ ಹಿಡಿದು ಮಲಗುವವರು ಕಡಿಮೆ.

ನನಗೆ ಅದು ಕಳೆದ ವಾರ ಕಂಡಿತು. ನನ್ನ ಓರಗಿತ್ತಿ ಶಾರದಕ್ಕ ಮನೆ ಮುಂದಿನ ರಸ್ತೆಯಲ್ಲಿ ಟಾರ್ಪಾಲು ಹಾಸಿ, ಒಣಗಿ ಕಪ್ಪಾಗುತ್ತಿದ್ದ ಕಾಳುಮೆಣಸಿನ ನಡುವೆ ಕುಕ್ಕರುಗಾಲಲ್ಲಿ ಕೂತು ಕೈಯಾಡಿಸುತ್ತಿದ್ದಳು. ನಾನು ರಸ್ತೆಗಿಂತ ತಗ್ಗಿನಲ್ಲಿರುವ ಅಂಗಳದಲ್ಲಿ, ಅವಳಿಗೆ ಎದುರಾಗಿ ನಿಂತಿದ್ದೆ. ಮೇಲಿನ ಹೋಂಸ್ಟೇಯಲ್ಲಿ ಪ್ರವಾಸಿಗರನ್ನು ಕೂರಿಸಿಕೊಂಡು ಸುತ್ತುವ ಮಚ್ಚೆ ಕುದುರೆ ಯಾವುದಕ್ಕೋ ಬೆದರಿ, ಹಗ್ಗ ಕಿತ್ತುಕೊಂಡು ಇಳಿಜಾರಿನಲ್ಲಿ ಅವಳ ಬೆನ್ನ ಹಿಂದೆಯೇ ಬಂತು. ನೆಲದ ಮೇಲಿನ ಕಪ್ಪನ್ನು ಕುದುರೆಗಳು ಹೊಂಡವೆಂದು ತಿಳಿಯುತ್ತವಂತೆ. ಟಾರ್ಪಾಲಿನ ಅಂಚಿಗೆ ಬಂದದ್ದೇ ಮೆಣಸನ್ನೂ ಅಕ್ಕನನ್ನೂ ಒಟ್ಟಿಗೆ ಹಾರಿ ಹೋಯಿತು.

ಆ ನೆಗೆತ ನನ್ನ ಕಣ್ಣೊಳಗೆ ಇನ್ನೂ ಮುಗಿದಿಲ್ಲ. ಸಾರಿಗೆ ಒಗ್ಗರಣೆ ಹಾಕುವಾಗ ಒಮ್ಮೆ, ಬಟ್ಟೆ ಮಡಿಸುವಾಗ ಒಮ್ಮೆ ಆ ಕುದುರೆ ಮತ್ತೆ ಮೇಲೇಳುತ್ತದೆ. ಮುಂಗಾಲ ಸಂದಿಯಿಂದ ಹಿಂದಕ್ಕೆ ಹರಿದ ಬಿಳಿ, ಅಂಚಿನ ನೀಲಿ, ನಡುವೆ ಕೂದಲ ಸುಳಿ, ಎಲ್ಲ ನೆನಪಿದೆ. ನಾನು ಕೂಗಿದೆನೋ ಇಲ್ಲವೋ, ಅದೊಂದು ನೆನಪಿಲ್ಲ. ಅಕ್ಕನ ಜೀವಕ್ಕೇ ಕುತ್ತು ಬಂದ ಹೊತ್ತಿನಲ್ಲಿ ಬಣ್ಣ ನೋಡುತ್ತ ನಿಂತವಳೇ ನಾನು? ಕೇಳಲು ಧೈರ್ಯವಾಗಲಿಲ್ಲ.

ನಿನ್ನೆ ಅಕ್ಕ ಕಾಫಿಗೆ ಬಂದವಳು ಮೇಜಿನ ಮೇಲಿದ್ದ ಅರೆಬಣ್ಣದ ಕುದುರೆ ನೋಡಿದಳು.

"ಇದೇ ಏನೇ ಆ ಹಾಳು ಮುಂಡೇದು?"

"ಹೂಂ. ಅಕ್ಕಾ, ಅವತ್ತು ನಾನು ಕೂಗಿದ್ನಾ?"

"ಎಲ್ಲಿ ಕೂಗ್ದೆ? ಬಾಯಿ ಬಿಟ್ಕೊಂಡು ಗರ ಬಡ್ದಂಗೆ ನಿಂತಿದ್ದೆ."

ನಾನು ಕೈಲಿದ್ದ ಕುಂಚವನ್ನು ನೀರಿನ ಲೋಟದಲ್ಲಿ ಇಟ್ಟೆ.

"ಒಳ್ಳೇದೇ ಆಯ್ತು ಬಿಡು ಮಾರಾಯ್ತಿ. ನೀನು ಕೂಗಿದ್ರೆ ಏನೋ ಅಂತ ನಾನು ಎದ್ದು ನಿಂತ್ಬುಡ್ತಿದ್ದೆ. ಆಮೇಲೆ ನನ್ ತಿಥಿ ಊಟಕ್ಕೆ ಇದೇ ಮೆಣಸು ಆಗೋದು."

ಅಕ್ಕ ಕುದುರೆಯನ್ನು ಎತ್ತಿ, ಮಗುಚಿ, ಹೊಟ್ಟೆಯನ್ನು ಬೆಳಕಿಗೆ ಹಿಡಿದಳು.

"ಹಿಂಗಿತ್ತಾ? ನಂಗೇನೂ ಕಾಣ್ಲಿಲ್ಲ ಕಣೇ. ಒಂದಿಷ್ಟು ಗಾಳಿ ಬಂತು, ಅಷ್ಟೆ."

ಅದರ ಕೆಳಗಿದ್ದವಳಿಗೆ ಗಾಳಿ, ದೂರದಲ್ಲಿದ್ದವಳಿಗೆ ಬಣ್ಣ. ಅಕ್ಕ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡು, "ಸರ್ಯಾಗಿ ಬಳಿ ಮತ್ತೆ. ನನ್ ತಲೆ ಮೇಲೆ ಹೋಗಿದ್ದು ಏನು ಅಂತ ನಾನೂ ನೋಡ್ಬೇಡ್ವಾ?" ಎಂದು ಕೂತಳು.

ಕೂಗದವಳಿಗೂ ಒಂದು ಕೆಲಸ ಉಳಿದಿರುತ್ತದೆ. ನಾನು ಕುಂಚಕ್ಕೆ ತುಸು ನೀಲಿ ತೆಗೆದುಕೊಂಡೆ.