ಮೂರು ಸುತ್ತು ಬಂದ ಹಾರ

ಇವತ್ತು ಆಯುಧ ಪೂಜೆ. ಮೊಮ್ಮಗ ಡೀಸೆಲ್ ಪಂಪಿಗೆ ಸೇವಂತಿಗೆ ಹಾರ ಹಾಕುತ್ತಿದ್ದ. ಎಣ್ಣೆಯ ವಾಸನೆ, ಹೂವಿನ ವಾಸನೆ ಒಟ್ಟಿಗೆ ಮೂಗಿಗೆ ಬಡಿದು ನರಿಕೊಂಬಿನ ಅಕ್ಕಿ ಗಿರಣಿ ನೆನಪಾಯಿತು.

ಅಲ್ಲಿ ಅಪ್ಪ ಇಂಜಿನ್ ನಡೆಸುತ್ತಿದ್ದ. ಅದರ ಚಕ್ರ ಅವನಿಗಿಂತ ಎತ್ತರ. ಇಂಜಿನಿನ ತಲೆಯನ್ನು ಬೆಂಕಿಯಲ್ಲಿ ಕಾಯಿಸಿ, ಚಕ್ರ ತಳ್ಳಿ ಶುರು ಮಾಡುವುದು ಅವನೊಬ್ಬನಿಗೇ ಗೊತ್ತಿತ್ತು. ನಮ್ಮ ಗಂಜಿ ಅದರಿಂದಲೇ.

ಒಂದು ವರ್ಷ ಪೂಜೆಯ ಮುಂಚೆ ಧಣಿಗಳು ಮಂಗಳೂರಿನಿಂದ ಸಣ್ಣ ಇಂಜಿನ್ ತಂದರು.

"ಈ ಕರು ಎಂತ ಎಳೀತದೆ ಮಾರಾಯ?" ಅಪ್ಪ ನಕ್ಕ.

"ಗಾತ್ರ ನೋಡ್ಬೇಡಿ ಅಣ್ಣ," ಎಂದ ಜೋಡಿಸಲು ಬಂದ ಮೆಕ್ಯಾನಿಕ್. "ನಿಮ್ಮದು ಒಂದು ಸಲ ತಿರುಗುವಾಗ ಇದು ಐದು ಸಲ ತಿರುಗ್ತದೆ. ಶಕ್ತಿ ಎರಡಕ್ಕೂ ಒಂದೇ."

ಧಣಿಗಳೇ ಹ್ಯಾಂಡಲ್ ತಿರುಗಿಸಿ ಶುರು ಮಾಡಿದರು. ಭತ್ತ ಮೊದಲಿನಷ್ಟೇ ಬೇಗ ಅಕ್ಕಿಯಾಯಿತು. ಇನ್ನು ಅಪ್ಪ ಬೇಡ ಎಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ದೊಡ್ಡ ಇಂಜಿನಿಗೆಂದು ಅಪ್ಪ ಎಂದಿನಂತೆ ಉದ್ದದ ಹಾರ ಕಟ್ಟಿದ್ದ. ಪೂಜೆಯ ದಿನ ಅದನ್ನು ಸಣ್ಣದಕ್ಕೇ ಹಾಕಿದ. ಮೂರು ಸುತ್ತು ಬಂತು. ಆಮೇಲೆ ಅವನು ಗಿರಣಿಗೆ ಹೋಗಲಿಲ್ಲ, ನಾನು ಶಾಲೆಗೆ ಹೋಗಲಿಲ್ಲ.

"ಅಜ್ಜ, ಹಾರ ಉದ್ದ ಆಯ್ತು. ಕತ್ತರಿ ಎಲ್ಲುಂಟು?" ಮೊಮ್ಮಗ ಕೇಳಿದ.

"ಕತ್ತರಿ ಎಂತಕ್ಕೆ? ಸುತ್ತು," ಎಂದೆ.