ಅಪ್ಪ ಕಲಿಸದ ಮಾತು

ಕಿತ್ತಳೆ ಸಿಪ್ಪೆ ಬಿಸಿಲಿಗೆ ಒಣಗುವಾಗ ಒಂದು ವಾಸನೆ ಬರುತ್ತದೆ, ನಿಮಗೂ ಗೊತ್ತಿರಬಹುದು. ಮೊದಲ ದಿನ ಹಣ್ಣಿನದೇ ಪರಿಮಳ. ಮೂರನೆಯ ದಿನಕ್ಕೆ ಅದು ಕಹಿಗೆ ತಿರುಗಿ, ಬಹುಕಾಲ ಮುಚ್ಚಿಟ್ಟ ಪೆಟ್ಟಿಗೆ ತೆರೆದ ಹಾಗೆ ಮೂಗಿಗೆ ಬಡಿಯುತ್ತದೆ. ಡೊಂಬಿವಲಿಯ ನಮ್ಮ ಸೊಸೈಟಿಯ ನಾಲ್ಕನೇ ಮಾಳಿಗೆಯಲ್ಲಿ ಗಾಳಿ ಸ್ವಲ್ಪ ದಿಕ್ಕು ಬದಲಿಸಿದರೆ ಸಾಕು, ಕೆಮಿಕಲ್ ಫ್ಯಾಕ್ಟರಿಗಳ ನಾತವೇ ಮನೆ ತುಂಬುತ್ತದೆ. ಆದರೂ ಚಳಿಗಾಲ ಬಂತೆಂದರೆ ಗ್ಯಾಲರಿಯಲ್ಲಿ ಒಂದು ತಟ್ಟೆ ಸಿಪ್ಪೆ ಒಣಗಿಸದೆ ನಾನು ಬಿಡುವವಳಲ್ಲ. ಮೊಮ್ಮಗ ಮೂಗು ಮುರಿಯುತ್ತಾನೆ. "ಆಜೀ, ಹಾ ಕಚರಾ ಕಶಾಲಾ ಠೇವತೆಸ್?" ಈ ಕಸ ಯಾಕೆ ಇಟ್ಟುಕೊಳ್ಳುತ್ತೀ ಎಂದು ಕೇಳುತ್ತಾನೆ. ನಾನು ಕನ್ನಡದಲ್ಲಿ ಬೈಯುತ್ತೇನೆ, ಅವನು ಮರಾಠಿಯಲ್ಲಿ ನಗುತ್ತಾನೆ. ಕಸವಲ್ಲವೋ ಮಾರಾಯ, ನಿನ್ನ ಮುತ್ತಜ್ಜ ನನಗೆ ಕೆಮ್ಮು ಬಂದಾಗ ಕುದಿಸಿ ಕುಡಿಸುತ್ತಿದ್ದ ಮದ್ದು ಇದು ಎಂದು ಒಂದು ದಿನವೂ ಅವನಿಗೆ ಹೇಳಿಲ್ಲ. ಎಪ್ಪತ್ತು ದಾಟಿದ ಮೇಲೂ ಹೇಳಿಲ್ಲವೆಂದರೆ ನಾನು ಎಂಥ ಹೆಂಗಸಿರಬೇಕು, ನೀವೇ ಯೋಚಿಸಿ.

ನನ್ನ ಅಪ್ಪ ಚೀನಿಯವರು. ಅಬ್ಬಾ, ಬರೆದುಬಿಟ್ಟೆ! ಮುಂಬಯಿಯ ಫೋರ್ಟಿನಲ್ಲಿ ಅವರದು ರೇಷ್ಮೆ ಬಟ್ಟೆಯ ದೊಡ್ಡ ಅಂಗಡಿ. ಶ್ರೀಮಂತ ಮನೆಗಳ ಹೆಂಗಸರು ಮೋಟಾರಿನಲ್ಲಿ ಬಂದಿಳಿದು ಕಸೂತಿಯ ಸೀರೆ ಕೊಳ್ಳುತ್ತಿದ್ದರಂತೆ. ಮುಂಬಯಿಯ ಚೀನಿಯರಲ್ಲಿ ತಂಟೆ ತಕರಾರು ಎದ್ದರೆ ತೀರ್ಮಾನಕ್ಕೆ ಅವರ ಗಲ್ಲೆಯ ಮುಂದೆ ಬಂದು ಕೂರುತ್ತಿದ್ದರಂತೆ. ಅಂಗಡಿಯ ಮೇಲೆಯೇ ಅವರ ಮನೆ, ಅವರದೇ ನಾಡಿನ ಹೆಂಡತಿ, ಮಕ್ಕಳು. ನಾವು ಎರಡನೆಯವರು. ಕಲ್ಯಾಣದ ಹಳೇ ಪೇಟೆಯಲ್ಲಿ, ಒಂದು ವಾಡೆಯ ಮೇಲಂತಸ್ತಿನ ಎರಡು ಕೋಣೆಗಳಲ್ಲಿ ಅಮ್ಮ ಮತ್ತು ನಾನು. ಅಮ್ಮನ ಹೆಸರು ಗುಲಾಬಿ, ಉಡುಪಿ ಕಡೆಯವಳು. ಚಿಕ್ಕ ವಯಸ್ಸಿಗೇ ಗಂಡ ತೀರಿಕೊಂಡ ಮೇಲೆ ಅಣ್ಣನ ಬೆನ್ನಿಗೆ ಇಲ್ಲಿಗೆ ಬಂದಳು. ಆ ಅಣ್ಣ, ನಮ್ಮ ಸಂಜೀವ ಮಾವ, ಸ್ಟೇಷನ್ ಬಳಿಯ ಹೋಟೆಲಿನಲ್ಲಿ ಮ್ಯಾನೇಜರ್. ಅಮ್ಮ, ಎಲ್ಲರೂ ಸೇಠ್ ಎನ್ನುತ್ತಿದ್ದ ಅಪ್ಪನ ಅಂಗಡಿಗೆ ಸೀರೆಯ ಅಂಚು ಹೊಲಿದು ಕೊಡುತ್ತಿದ್ದಳು. ಅಲ್ಲಿಂದ ಮುಂದಿನದು ಹೇಗಾಯಿತೋ, ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ.

ಅಪ್ಪ ಬರುತ್ತಿದ್ದುದು ಭಾನುವಾರ ಬೆಳಗಿನ ಲೋಕಲಿನಲ್ಲಿ. ಇಸ್ತ್ರಿ ಮುರಿಯದ ಬಿಳಿ ಪ್ಯಾಂಟು, ಕಂಕುಳಲ್ಲಿ ಕೊಡೆ, ಜೇಬಿನಲ್ಲಿ ಸಕ್ಕರೆ ಹಚ್ಚಿದ ಶುಂಠಿಯ ಪೊಟ್ಟಣ. ಕೆಳಗಿನ ಮನೆಯವರಿಗೆ ಸದ್ದಾಗಬಾರದೆಂದು ಮೆಟ್ಟಿಲ ಬುಡದಲ್ಲೇ ಶೂ ಬಿಚ್ಚಿ ಕೈಯಲ್ಲಿ ಹಿಡಿದು ಮೇಲೆ ಬರುವರು. ಅಷ್ಟು ದೊಡ್ಡ ಸೇಠ್ ಕಾಲ್ಚೀಲದಲ್ಲಿ ಬೆಕ್ಕಿನ ಹಾಗೆ ಹೆಜ್ಜೆಯಿಡುವುದನ್ನು ನೋಡಿ ನನಗೆ ನಗುವೋ ನಗು. ಅಮ್ಮ ಕುಚ್ಚಲಕ್ಕಿ ಗಂಜಿಗೆ ಒಣಮೀನಿನ ಚಟ್ನಿ ಹಾಕಿ ಕೊಟ್ಟರೆ ಬಟ್ಟಲನ್ನು ಬಾಯಿಗೇ ಎತ್ತಿ ಸುರಿದುಕೊಂಡು, "ಹಮಾರೇ ಗಾಂವ್ ಮೇಂ ಭೀ ಯಹೀ," ನಮ್ಮೂರಲ್ಲೂ ಇದೇ, ಎನ್ನುತ್ತಿದ್ದರು. ಆ ಊರಿನ ಹೆಸರು ನನಗೆ ಇವತ್ತಿಗೂ ತಿಳಿಯದು. ಗಂಜಿ ಉಣ್ಣುವ ಊರು, ಅಷ್ಟೇ. ವಾರಿಜಾ ಎಂಬ ನನ್ನ ಹೆಸರು ಅವರ ನಾಲಗೆಗೆ ಹೊರಳುತ್ತಿರಲಿಲ್ಲ. ಅಮ್ಮನಿಂದ ಕಲಿತ 'ಬಾಲೆ' ಎಂಬ ತುಳು ಮಾತಿನಿಂದಲೇ ಕರೆಯುತ್ತಿದ್ದರು, ಮಗು ಎಂದು.

ಶಾಲೆಯ ದಾಖಲೆಯಲ್ಲಿ ನನ್ನ ಹೆಸರಿನ ಮುಂದೆ ಇದ್ದುದು ಸಂಜೀವ ಮಾವನ ಹೆಸರು. ಅದರಲ್ಲಿ ಮುಚ್ಚುಮರೆಯೇನೂ ಇರಲಿಲ್ಲ. ನಮ್ಮದು ಅಳಿಯಕಟ್ಟು. ಮಕ್ಕಳು ತಾಯಿಯ ಕುಲಕ್ಕೆ ಸೇರಿದವರು, ಅವರಿಗೆ ಯಜಮಾನ ಸೋದರಮಾವ. ಊರಲ್ಲಿದ್ದರೂ ನನ್ನ ಹೆಸರಿನ ಮುಂದೆ ಮಾವನೇ ಇರುತ್ತಿದ್ದ.

ನನಗೆ ಎಂಟು ವರ್ಷವಾಗಿದ್ದಾಗ ಚೀನಾದ ಜೊತೆ ಯುದ್ಧ ಶುರುವಾಯಿತು. ಶಾಲೆಯಲ್ಲಿ ಪ್ರಾರ್ಥನೆ ಮುಗಿದೊಡನೆ ಹುಡುಗರು "ಚೀನೀ ಗಂದೇ, ಥೂ!" ಎಂದು ಕೂಗಿ ನೆಲಕ್ಕೆ ಉಗುಳುವ ಆಟ ಹೂಡಿದರು. ಚೀನಿಯರು ಹೊಲಸು ಎಂದು. ನನ್ನ ಸಣ್ಣ ಕಣ್ಣು ನೋಡಿ ನನ್ನನ್ನೂ ಛೇಡಿಸುತ್ತಿದ್ದರು. ಅದಕ್ಕೇ ನಾನು ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದೆ, ಎಲ್ಲರಿಗಿಂತ ದೂರ ಉಗುಳುತ್ತಿದ್ದೆ. ಮನೆಯಲ್ಲಿ ಅಮ್ಮ ರೇಷ್ಮೆ ಬದಿಗಿಟ್ಟು, ಬೀದಿಗೆ ಕಾಣುವ ಹಾಗೆ ಗ್ಯಾಲರಿಯಲ್ಲಿ ಕೂತು ಜವಾನರಿಗೆಂದು ಖಾಕಿ ಉಣ್ಣೆಯ ಕಾಲುಚೀಲ ಹೆಣೆಯತೊಡಗಿದಳು. ಮುಂಬಯಿಯಲ್ಲಿ ಪೊಲೀಸರು ಚೀನಿಯರ ಪಟ್ಟಿ ಮಾಡುತ್ತಿದ್ದಾರೆ, ಕೆಲವರನ್ನು ಹೆಂಡತಿ ಮಕ್ಕಳ ಸಮೇತ ರೈಲು ಹತ್ತಿಸಿ ಎಲ್ಲೋ ಮರಳುಗಾಡಿನ ಕ್ಯಾಂಪಿಗೆ ಸಾಗಿಸುತ್ತಿದ್ದಾರೆ ಎಂದು ಮಾವ ಸುದ್ದಿ ತಂದ. "ಸೇಠ್ರು ಇನ್ನು ಇಲ್ಲಿಗೆ ಬರುದು ಬೇಡ ಗುಲಾಬಿ," ಎಂದ. ಅಮ್ಮ ಸೂಜಿಯಿಂದ ಕಣ್ಣೆತ್ತಲಿಲ್ಲ.

ಅಪ್ಪ ಇನ್ನೊಂದೇ ಭಾನುವಾರ ಬಂದರು. ಗಂಜಿ ಮುಗಿಸಿ ನನ್ನನ್ನು ಎದುರಿಗೆ ಕೂರಿಸಿಕೊಂಡು, ಒಂದು ಹೊಸ ಆಟ ಎಂದರು. ದಪ್ಪ ದನಿ ಮಾಡಿ, ತಮ್ಮ ಎದೆಗೇ ಬೆರಳು ಚುಚ್ಚಿ, "ಯೇ ಆದ್ಮೀ ಕೌನ್ ಹೈ?" ಈ ಮನುಷ್ಯ ಯಾರು, ಎಂದು ಅವರು ಕೇಳಬೇಕು. "ಮಾಲೂಮ್ ನಹೀಂ" ಗೊತ್ತಿಲ್ಲ, ಎಂದು ನಾನು ಹೇಳಬೇಕು. ನಗದೆ ಹೇಳಿದರೆ ಒಂದು ತುಂಡು ಶುಂಠಿ. ನಾನು ಎಲ್ಲಿ ಬಿಟ್ಟೇನು? ಮೊದಮೊದಲು ಕಿಸಕ್ಕನೆ ನಕ್ಕು ಸೋತೆ. ಅವರು ಹುಬ್ಬು ಕುಣಿಸಿದರು, ಕೆನ್ನೆ ಉಬ್ಬಿಸಿದರು, ನಾನು ಗಟ್ಟಿಯಾದೆ. ಹತ್ತನೆಯ ಸಲವೋ ಏನೋ, ಅವರ ಕಣ್ಣಲ್ಲೇ ಕಣ್ಣಿಟ್ಟು, ಯಾರೋ ದಾರಿಹೋಕನನ್ನು ನೋಡುವ ಹಾಗೆ ನೋಡಿ "ಮಾಲೂಮ್ ನಹೀಂ" ಎಂದೆ. "ಶಾಬಾಸ್, ಬಾಲೆ," ಎಂದು ಪೊಟ್ಟಣವನ್ನೇ ನನ್ನ ಕೈಗಿಟ್ಟರು. ಅಷ್ಟೂ ಹೊತ್ತು ಅಮ್ಮ ಅಡುಗೆಮನೆಯಿಂದ ಹೊರಗೆ ಬರಲಿಲ್ಲ.

ಎರಡು ವಾರ ಕಳೆದಿರಬೇಕು. ಮಧ್ಯಾಹ್ನ ಊಟಕ್ಕೆ ಶಾಲೆಯಿಂದ ಬಂದಿದ್ದೆ. ಮೆಟ್ಟಿಲ ಮೇಲೆ ಶೂಗಳ ಸದ್ದಾಯಿತು. ಒಬ್ಬ ಇನ್‌ಸ್ಪೆಕ್ಟರ್, ಇಬ್ಬರು ಪೇದೆಗಳು, ನಡುವೆ ಅಪ್ಪ. ಸೇಠ್ ಕಲ್ಯಾಣಕ್ಕೆ ಹೋಗಿಬರುವುದನ್ನು ಯಾರೋ ಪೊಲೀಸರ ಕಿವಿಗೆ ಹಾಕಿದ್ದರು. ಈ ಹೆಂಗಸು ಹೊಲಿಗೆಯವಳು, ಬಟ್ಟೆ ಕೊಡಲು ಬರುತ್ತಿದ್ದೆ ಎಂದರು ಅಪ್ಪ. ಹೌದು ಎಂದಳು ಅಮ್ಮ, ನೆಲ ನೋಡುತ್ತಾ. ಇನ್‌ಸ್ಪೆಕ್ಟರನ ಕಣ್ಣು ನನ್ನ ಮುಖದ ಮೇಲೆ ನಿಂತಿತು. ಅಷ್ಟರಲ್ಲಿ ಹೋಟೆಲಿನಿಂದ ಏದುಸಿರು ಬಿಡುತ್ತಾ ಓಡಿಬಂದ ಮಾವ ನನ್ನ ಮುಂದೆ ನಿಂತುಕೊಂಡ. "ಸಾಹೇಬ್, ಇದರ ಅಪ್ಪ ಒಬ್ಬ ಗೂರ್ಖಾ, ಬಿಟ್ಟು ಓಡಿಹೋದ. ನಮ್ಮ ಜನರಲ್ಲಿ ಮಕ್ಕಳು ತಾಯಿ ಮನೆಯವರು. ಇವಳಿಗೆ ನಾನೇ ಯಜಮಾನ, ಬೇಕಾದ್ರೆ ಶಾಲೆಯಲ್ಲಿ ನೋಡಿ," ಎಂದು ತನಗೆ ಬರುವ ಹಿಂದಿಯಲ್ಲೆಲ್ಲ ಹೇಳಿದ.

ಇನ್‌ಸ್ಪೆಕ್ಟರ್ ಬಗ್ಗಿ ನನ್ನ ಗಲ್ಲ ಹಿಡಿದ. ಕೆಟ್ಟ ಮನುಷ್ಯನಲ್ಲ, ದನಿ ಮೆತ್ತಗಿತ್ತು. "ಬೇಟೀ, ಯೇ ಆದ್ಮೀ ಕೌನ್ ಹೈ?" ಎಂದು ಕೇಳಿದ. ನನಗೆ ಬರುವ ಪ್ರಶ್ನೆಯೇ! ಅಪ್ಪನ ಕಣ್ಣಲ್ಲಿ ಕಣ್ಣಿಟ್ಟು "ಮಾಲೂಮ್ ನಹೀಂ" ಎಂದೆ. ನಗಲಿಲ್ಲ. ಅಲ್ಲಿಗೇ ನಿಲ್ಲಿಸಬಹುದಿತ್ತು. ಹಾಳು ಹುಮ್ಮಸ್ಸು, ಇನ್ನೂ ಚೆನ್ನಾಗಿ ಆಡಿ ತೋರಿಸಬೇಕು ಅನ್ನಿಸಿತು. "ಚೀನೀ ಗಂದೇ!" ಎಂದೆ. ಎಂದವಳೇ "ಥೂ!" ಎಂದು ಅವರ ಕಾಲ ಬಳಿ ಉಗುಳಿದೆ.

ಪೇದೆಗಳು ನಕ್ಕರು. ಇನ್‌ಸ್ಪೆಕ್ಟರ್ ನನ್ನ ತಲೆ ಸವರಿ, ಕೈಯಲ್ಲಿದ್ದ ನೋಟುಪುಸ್ತಕ ಮುಚ್ಚಿ, ನಡೆಯಿರಿ ಎಂದ. ಅಪ್ಪ ನನ್ನನ್ನು ಒಮ್ಮೆ ನೋಡಿದರು, ತಲೆ ತಗ್ಗಿಸಿದರು, ಮೆಟ್ಟಿಲಿಳಿದು ಹೋದರು. ಜೀಪಿನ ಸದ್ದು ಅಡಗಿದ ಮೇಲೆ ನಾನು ಅಮ್ಮನ ಹತ್ತಿರ ಓಡಿದೆ. "ಸರಿಯಾಗಿ ಹೇಳಿದೆ ಅಲ್ವಾ ಅಮ್ಮ?" ಎಂದು ಕೇಳಿದೆ. ಫಟಾರನೆ ಕೆನ್ನೆಗೆ ಬಿತ್ತು. ಅದುವರೆಗೆ ಅವಳು ನನ್ನ ಮೇಲೆ ಕೈ ಮಾಡಿದವಳಲ್ಲ. "ಗೊತ್ತಿಲ್ಲ ಅಂತ ಹೇಳ್ಲಿಕ್ಕೆ ಅವರು ಕಲಿಸಿದ್ದು. ಮತ್ತಿನದ್ದು ಎಲ್ಲಿಂದ ತಂದೆ ನೀನು?" ಎಂದಳು. ಆಮೇಲೆ ಅದೇ ಕೈಯಿಂದ ನನ್ನನ್ನು ಅವುಚಿಕೊಂಡು, ಕೆಳಗಿನ ಮನೆಗೆ ಕೇಳದಂತೆ ಸೆರಗು ಕಚ್ಚಿಕೊಂಡು ಅತ್ತಳು.

ಮಾವ ಮುಂಬಯಿಗೆ ಹೋಗಿ ನೋಡಿಬಂದ. ಅಂಗಡಿಗೆ ಸೀಲು, ಮೇಲಿನ ಮನೆ ಖಾಲಿ. ಕ್ಯಾಂಪಿಗೆ ಹೋದರು, ಆಮೇಲೆ ಹಡಗು ಹತ್ತಿಸಿದರು ಎಂದು ಯಾರೋ ಹೇಳಿದರಂತೆ. ಕಾಗದ ಬರಲಿಲ್ಲ. ಬಂದರೆ ನಮಗೇ ಅಪಾಯವೆಂದು ಬರೆದಿರಲಾರರು. ಅಮ್ಮ ಪಕ್ಕದ ಬೀದಿಗಳ ರವಿಕೆ ಹೊಲಿದು ನನ್ನನ್ನು ಓದಿಸಿದಳು, ಮದುವೆ ಮಾಡಿದಳು, ಅಪ್ಪನ ಸುದ್ದಿ ಎತ್ತದೆಯೇ ತೀರಿಕೊಂಡಳು. ನನ್ನ ಗಂಡನಿಗೂ ನಾನು ಆ ಗೂರ್ಖಾನ ಕತೆಯನ್ನೇ ಹೇಳಿದೆ. ಇರದ ಒಬ್ಬ ಗೂರ್ಖಾನಿಗೆ ಇಡೀ ಜನ್ಮ ಮಗಳಾಗಿ ಬದುಕಿದೆನಲ್ಲ, ನೆನೆದರೆ ಮೈಯೆಲ್ಲ ಉರಿಯುತ್ತದೆ. ವಾಡೆ ಇದ್ದ ಜಾಗದಲ್ಲಿ ಈಗ ಹದಿನಾಲ್ಕು ಮಾಳಿಗೆಯ ಟವರ್. ಅದರ ಮುಂದೆ ರಿಕ್ಷಾ ಹೋಗುವಾಗ ನಾನು ಇನ್ನೊಂದು ಕಡೆ ನೋಡುತ್ತೇನೆ. ಹೋಗಲಿ. ತಿಳಿಯಬೇಕಾಗಿದ್ದುದು ನನಗೆ ಒಂದೇ: ಆ ಎರಡನೆಯ ಮಾತನ್ನೂ, ಆ ಉಗುಳನ್ನೂ ಅಪ್ಪ ಆಟವೆಂದೇ ತಿಳಿದರೋ? ಮಗಳು ನಿಜಕ್ಕೂ ತನ್ನನ್ನು ಕಂಡು ಹೇಸಿದಳು ಎಂದುಕೊಂಡು ಹೋದರೋ?

ಹೋದ ವರ್ಷ ಒಂದು ಬೆಳಿಗ್ಗೆ ಬಾಗಿಲ ಬೆಲ್ ಆಯಿತು. ಬಾಗಿಲು ತೆರೆದರೆ ಬೆಳ್ಳಗಿನ ಗಿಡ್ಡ ಕೂದಲಿನ, ಹೆಚ್ಚುಕಡಿಮೆ ನನ್ನ ವಯಸ್ಸಿನ ಹೆಂಗಸು. ಕನ್ನಡಿಯಲ್ಲಿ ನಾನು ದಿನಾ ನೋಡುವ ಕಣ್ಣು, ಅದೇ ಕೆನ್ನೆ. ಹಳೇ ಮುಂಬಯಿಯ ಹಿಂದಿಯಲ್ಲಿ ಮಾತಾಡಿದಳು. ಕೆನಡಾದಿಂದ ಬಂದಿದ್ದಳು. ಕಲ್ಯಾಣದಲ್ಲಿ ಸಂಜೀವ ಮಾವನ ಹಳೆಯ ಹೋಟೆಲಿನವರನ್ನು ವಿಚಾರಿಸಿ ನಮ್ಮ ವಿಳಾಸ ಹಿಡಿದಿದ್ದಳು. "ಗುಲಾಬಿಯವರ ಮಗಳು ನೀವೇನಾ? ಪಪ್ಪಾ ಸಾಯುವ ಮೊದಲು ಆ ಮಗಳಿಗೆಂದು ಒಂದು ಮಾತು ಹೇಳಿದ್ದಾರೆ. ತಲುಪಿಸಿ ಹೋಗೋಣ ಅಂತ ಬಂದೆ," ಎಂದಳು.

ಏನು ಮಾತು? ಅರುವತ್ತು ವರ್ಷದಿಂದ ನಾನು ಕಾದದ್ದು ಅದಕ್ಕೇ ಅಲ್ಲವೇ? ಆದರೆ ಅವಳು ಬಾಯಿ ತೆರೆದು, ನೀನು ಉಗುಳಿದ್ದು ಅವರಿಗೆ ಕೊನೆಯವರೆಗೂ ನೆನಪಿತ್ತು ಎಂದುಬಿಟ್ಟರೆ? "ಮಾಲೂಮ್ ನಹೀಂ," ಎಂದೆ. "ಇಲ್ಲಿ ಅಂಥವರು ಯಾರೂ ಇಲ್ಲ." ಅವಳು ನನ್ನ ಮುಖವನ್ನೇ, ನಮ್ಮಿಬ್ಬರದೂ ಆದ ಆ ಮುಖವನ್ನೇ, ಒಂದು ಕ್ಷಣ ನೋಡಿದಳು. ಸಾರಿ ಎಂದು ಕೈಮುಗಿದಳು.

ನಮ್ಮ ಸೊಸೈಟಿಯ ಲಿಫ್ಟ್ ಬಲು ನಿಧಾನ. ಮುಚ್ಚಿದ ಬಾಗಿಲಿನ ಈಚೆ ನಾನು ಚಿಲಕದ ಮೇಲೆ ಕೈಯಿಟ್ಟು ನಿಂತೇ ಇದ್ದೆ. ಆಚೆ ಅವಳು ಕಾಯುತ್ತಲೇ ಇದ್ದಳು. ತೆಗೆ, ತೆಗೆಯೇ ಮುಂಡೇದೇ ಎಂದು ನನ್ನನ್ನು ನಾನೇ ಬೈದುಕೊಂಡೆ. ಕೈ ಏಳಲಿಲ್ಲ. ಲಿಫ್ಟ್ ಬಂತು. ಅಪ್ಪ ಹೇಳಿ ಕಳಿಸಿದ ಮಾತು ನಾಲ್ಕನೇ ಮಾಳಿಗೆಯವರೆಗೆ ಬಂದು, ಹಾಗೆಯೇ ಕೆಳಗಿಳಿದು ಹೋಯಿತು.