ನಬೀಸಾರ ಫಿಯೆಟ್‌ಗೆ ಶಾರ್ಜಾದ ಎಣ್ಣೆ

ಎಣ್ಣೆಯ ವಿಷಯದಲ್ಲಿ ನಮ್ಮ ಹೊಸಂಗಡಿಯಲ್ಲಿ ತಜ್ಞರಿಗೆ ಬರವಿಲ್ಲ. ಹೆಚ್ಚಿನವರ ಪಾಂಡಿತ್ಯ ಸಂಜೆ ಮೇಲಿನದ್ದು. ಗಂಟಲಿಗಲ್ಲ, ಇಂಜಿನ್ನಿಗೆ ಹೊಯ್ಯುವ ಎಣ್ಣೆ ಬಲ್ಲವರು ಅದ್ರಾಮಾಕ ಒಬ್ಬರೇ. ಹೆದ್ದಾರಿ ಅಗಲವಾಗುವಾಗ ಅವರ ಅಂಗಡಿ ಎರಡು ಸಲ ಹಿಂದೆ ಸರಿಯಿತು, ಗಿರಾಕಿಗಳು ಸರಿಯಲಿಲ್ಲ.

ಹೊಸ ಕಾರು ಬಂದರೆ ಅದರ ಜೊತೆ ಕೊಟ್ಟ ಪುಸ್ತಕ ಕೇಳುತ್ತಾರೆ. ಅದರಲ್ಲಿರುವ ನಂಬರಿನ ಎಣ್ಣೆಯನ್ನೇ ಕೊಡುತ್ತಾರೆ. ಹಳೆಯ ಗಾಡಿಯ ಪುಸ್ತಕ ಎಂದೋ ಗೆದ್ದಲಿನ ಪಾಲಾಗಿರುತ್ತದೆ. ಆಗ ಎಣ್ಣೆ ಅಳೆಯುವ ಕಡ್ಡಿ ಎಳೆದು, ಹಳೆ ಕ್ಯಾಲೆಂಡರಿನ ಹಾಳೆಗೆ ಒಂದು ಹನಿ ಬೀಳಿಸಿ, ಅದು ಹರಡುವ ತನಕ ಚಹಾ ಕುಡಿಯುತ್ತಾರೆ. ಆಮೇಲೆ ಅದರ ಅಂಚು ನೋಡಿ ಇಂಜಿನ್ನಿನ ಜಾತಕ ಹೇಳುತ್ತಾರೆ. ಅದೊಂದು ಕಲೆ, ಎರಡೂ ಅರ್ಥದಲ್ಲಿ.

ಕಳೆದ ವಾರ ನಾನಲ್ಲಿ ಸ್ಕೂಟರಿನ ಎಣ್ಣೆಗೆ ಕಾಯುತ್ತಿದ್ದಾಗ ನಬೀಸಾ ಬಂದರು. ಮಂಜೇಶ್ವರದಲ್ಲಿ ಹೊಲಿಗೆ ಅಂಗಡಿ ಇಟ್ಟಿರುವ ಅವರು, ತೀರಿಕೊಂಡ ಗಂಡನ ಫಿಯೆಟ್ಟಿನಲ್ಲೇ ದಿನಾ ಹೋಗಿ ಬರುವವರು. ಪಕ್ಕದ ಸೀಟಿನಲ್ಲಿ ರಜೆಗೆ ಬಂದ ಮಗ ನಿಸಾಮುದ್ದೀನ್. ಶಾರ್ಜಾದಿಂದ ಕಾರ್ಗೋದಲ್ಲಿ ಅವನು ತರಿಸಿದ್ದು ಅತಿ ದುಬಾರಿ ಎಣ್ಣೆಯ ಎರಡು ಕ್ಯಾನ್. ಗಲ್ಫಿನ ಪೆಟ್ಟಿಗೆಯಿಂದ ಬಂದದ್ದನ್ನು ನಮ್ಮಲ್ಲಿ ಬೇಡವೆನ್ನುವ ಪದ್ಧತಿಯೇ ಇಲ್ಲ. ಒಂದು ಕ್ಯಾನ್ ಫಿಯೆಟ್ಟಿನ ಹೊಟ್ಟೆ ಸೇರಿತ್ತು. ನಾಲ್ಕನೇ ದಿನಕ್ಕೆ ಅಂಗಳದಲ್ಲಿ ಎಣ್ಣೆ ಮಡು. ಗಾಡಿ ನಿಂತಲ್ಲೆಲ್ಲ, ಎಣ್ಣೆಯ ಒತ್ತಡ ಸಾಲದೆಂದು ಹೇಳುವ ಕೆಂಪು ದೀಪ. ಮೂರು ಸಲ ಬೋರ್ ಮಾಡಿಸಿದ ಇಂಜಿನ್, ಇನ್ನು ಕೊರೆಯಲು ಅದರಲ್ಲಿ ಲೋಹವಿಲ್ಲ. ಎಣ್ಣೆ ಸಾಲದೆ ಜಾಮ್ ಆದರೆ ಗುಜರಿಗೇ.

ಅದ್ರಾಮಾಕ ಹನಿ ಬೀಳಿಸಿದರು. ನಾನಿದ್ದೆನೆಂದು ಮಾತು ಬ್ಯಾರಿ ಭಾಷೆಯಿಂದ ಕನ್ನಡಕ್ಕೆ ತಿರುಗಿತು.

“ಎಣ್ಣೆ ಒಳ್ಳೆಯದೇ. ಇವನಿಗೆ, ಈ ಫಿಯೆಟ್ಟಿಗೆ, ಆಗುವುದಲ್ಲ. ಹೊಸ ಇಂಜಿನ್ನಿನ ಸಂದು ಕೂದಲಿನಷ್ಟು. ಇವನದ್ದು ಸವೆದು ಅಗಲ ಆಗಿದೆ, ತೆಳು ಎಣ್ಣೆ ನಿಲ್ಲುವುದಿಲ್ಲ.”

ನಿಸಾಮುದ್ದೀನ್ ತಲೆ ತಗ್ಗಿಸಿದ. ನಬೀಸಾ ಮಗನ ಮುಖ ನೋಡಿ ತಣ್ಣಗೆ ಹೇಳಿದರು, “ಇರಲಿ ಬಿಡಿ ಅದ್ರಾಮಾಕ, ಮಗು ಆಸೆಯಿಂದ ತಂದದ್ದು.”

ಗಂಡನ ಗಾಡಿ ಹೋದರೂ ಸರಿ, ಮಗನ ಮುಖ ಬಾಡಬಾರದು.

“ಇನ್ನೊಂದು ಕ್ಯಾನ್ ಉಂಟಲ್ಲ ಮಾರಾಯ?” ಅದ್ರಾಮಾಕ ಅವನ ಕಡೆ ತಿರುಗಿದರು. “ನಿನ್ನ ತಂಗಿ ಫಸೀಲಾನ ಹೊಸ ಕಾರಿಗೆ ಇದೇ ನಂಬರ್. ಇಲ್ಲಿ ಸಿಗುವುದಿಲ್ಲ ಅಂತ ಅವಳು ಹೋದ ತಿಂಗಳು ಮಂಗಳೂರಿಗೆ ಹೋಗಿದ್ದಳು. ಕೊಡು ಅವಳಿಗೆ.”

ಹುಡುಗನ ತಲೆ ಎದ್ದಿತು. ತೆಳು ಎಣ್ಣೆ ಇಳಿಸಲು ತಾನೇ ಕಾರಿನಡಿ ನುಗ್ಗಿ ತಳದ ಬೋಲ್ಟ್ ಬಿಚ್ಚಿದ.

ಅದ್ರಾಮಾಕ ಜೋನಿಬೆಲ್ಲದಂತಹ ದಪ್ಪ ಎಣ್ಣೆ ಹೊಯ್ದರು. ನಬೀಸಾ ಚಾವಿ ತಿರುಗಿಸಿದರು. ಇಂಜಿನ್ ಹಿಡಿಯಿತು, ಕೆಂಪು ದೀಪ ಉರಿಯುತ್ತಲೇ ಇತ್ತು. ನಾವೆಲ್ಲ ದೀಪವನ್ನು ನೋಡುತ್ತಿದ್ದರೆ ಅದ್ರಾಮಾಕ ಬಾನೆಟ್ಟಿನೊಳಗೆ ಬಗ್ಗಿ, ಇಂಜಿನ್ನಿನ ಮೇಲೆ ಅಂಗೈ ಊರಿ, ಕಣ್ಣು ಮುಚ್ಚಿದ್ದರು. ಕಾನ್ವೆಂಟಿನ ಸಿಸ್ಟರುಗಳ ಪ್ರಾರ್ಥನೆಯಲ್ಲೂ ನಾನು ಅಷ್ಟು ತನ್ಮಯತೆ ಕಂಡವನಲ್ಲ.

“ಈಗ,” ಎಂದರು.

ದೀಪ ಆರಿತು.

ಇಂಜಿನ್ ಬಿಸಿಯಾದ ಮೇಲೆ ನೋಡಬೇಕೆಂದು ಅಮ್ಮ-ಮಗ ಒಂದು ಸುತ್ತು ಹೋಗಿ ಬಂದರು. ಗಾಡಿ ಅಂಗಡಿಯೆದುರು ಗುರುಗುಡುತ್ತ ನಿಂತಿತು. ನಿಂತರೂ ದೀಪ ಕಪ್ಪಗೇ ಇತ್ತು. ನಬೀಸಾ ಇಂಜಿನ್ ಆರಿಸದೆಯೇ ಗೇರ್ ಹಾಕಿದರು. ಹೊಲಿಗೆ ಅಂಗಡಿ ತೆರೆಯಲು ತಡವಾಗಿತ್ತು.